ಗಾಲಿ ಇಲ್ಲದ ಬಸ್ಸು

ಬೆಂಡಿಗೊ ಊರಲಿ ನಮ್ಮನೆ ಉಂಟು,
ಮನೆಮುಂದೇ ಒಂದೇರು;
ಏರಿನ ಆಚೆಗೆ ನಮ್ಮಯ ಶಾಲೆ,
ಶಾಲೆಗೆ ತಗಡಿನ ಸೂರು.

ಹುಬ್ಬಳ್ಳಿಯಿಂದ ಬಂದಳು ಅಜ್ಜಿ,
ಹೆಸರು ನೀಲಗಂಗವ್ವ;
ಬಸ್ಸಲಿ ಟಿಕೆಟು ಹರಿದೂ ಹರಿದೂ
ಬೆರಳೇ ಸವೆದಿದೆಯವ್ವ!

ಎಲ್ಲರ ಅಜ್ಜಿಯರು ತರುವರು ಊರಿಂದ
ಚಕ್ಕುಲಿ, ಚಟ್ನಿಪುಡಿ;
ನಮ್ಮಜ್ಜಿ ತಂದಳು ತೊಗಲಿನ ಚೀಲ,
ಸೀಟಿ, ಮತ್ತು ಗಡಿಬಿಡಿ.

ಊಟಕೆ ನಮ್ಮನು ಕರೆಯುವುದು ಹೇಗೆ?
ಸೀಟಿ ಊದಿ, "ಹತ್ರೀ, ಹತ್ರೀ!"
ಅಪ್ಪ ಬಚ್ಚಲಲಿ ತಡಮಾಡಿದರೆ,
"ಕಡೇ ಸ್ಟಾಪ್ ಬಂತು, ಇಳೀರಿ!"

ಅಜ್ಜಿಗೆ ಬರುವ ಇಂಗ್ಲಿಷು ಎರಡೇ:
'ರೈಟು', ಇನ್ನೊಂದು 'ವೇಟು';
ಉಳಿದದ್ದೆಲ್ಲಾ ನಾನೇ ಹೇಳುವೆ,
ಅದಕೇ ನನಗೆ ಮುಂದಿನ ಸೀಟು.

ಅಮ್ಮ ಒಂದಿನ ಕಾರಿನ ಕೀಲಿ
ಎಲ್ಲೋ ಇಟ್ಟು ಮರೆತಳು.
ಎಂಟೂವರೆಗೆ ಅಜ್ಜಿ ಎದ್ದು
ಚೀಲವ ಹೆಗಲಿಗೆ ಎಳೆದಳು.

"ಕಾರು ಯಾಕ? ಬಸ್ ಐತಲ್ಲ!"
"ಎಲ್ಲಿದೆ ಅಜ್ಜೀ, ಬಸ್ಸು?"
"ನಾ ಎಲ್ಲಿ ನಿಂತೆನೋ
ಅಲ್ಲೇ ಬಸ್ಸು."

ಪರ‍್ರ್! ಎಂದಿತು ಸೀಟಿ. ಏರಿನ ಉದ್ದಕೂ
ಬಾಗಿಲು ತೆರೆದವು ಪಟಪಟ;
ಲಾಕ್ಲನ್ ಬಂದ ಟೋಸ್ಟನು ಕಚ್ಚಿ,
ಫ್ರೇಯಾ ಶೂಗಳು ಟಕಟಕ;
ಪೊ ವಾ ಬಂದಳು ತಮ್ಮನ ಎಳೆದು,
ಅವನ ಕಾಲ್ಚೀಲ ಉಲ್ಟಾ.

ನಾನೇ ಡ್ರೈವರು. ತುಟಿಯೇ ಇಂಜಿನ್ನು.
ಬುರ್ರ್, ಬುರ್ರ್, ಬುರ್ರ್.

"ಒಳಗ ಸರೀರಿ! ಹಿಂದ ಖಾಲಿ ಐತಿ!"
ತಿರುಗಿ ನೋಡಿದೆವು. ಹೌದಲ್ಲ!
ಹಿಂದೆ ಇಡೀ ಆಸ್ಟ್ರೇಲಿಯಾ ಖಾಲಿ,
ನಾವೋ ಅಂಟಿದ ಬೆಲ್ಲ.

ಹಳೇ ಕ್ಯಾಲೆಂಡರು ಕತ್ತರಿಸಿದರೆ
ಆಯಿತು ನಮ್ಮ ಟಿಕೇಟು.
ದುಡ್ಡು ಬೇಡ. ಸುಳ್ಳೊಂದು ಹೇಳು,
ಅದೇ ಅಜ್ಜಿಯ ರೇಟು.
ನಂಬುವ ಹಾಗಿನ ಸುಳ್ಳಿಗೆ ಅರ್ಧ,
ನಂಬಲಾಗದ್ದಕೆ ಪೂರಾ.

"ನಿನ್ನೆ ರಾತ್ರಿ ಟ್ರಾಮ್ ಓಡಿಸಿತು
ನಮ್ಮನೆ ಬೆಕ್ಕು," ಎಂದ ಲಾಕ್ಲನ್. ಪೂರಾ!
"ನನ್ನ ಹಲ್ಲು ಬಿದ್ದಿಲ್ಲ, ರಜೆಗೆ
ಹೋಗಿದೆ," ಎಂದಳು ಫ್ರೇಯಾ. ಪೂರಾ!
ಪೊ ವಾ ತಮ್ಮ ಮಾತ್ರ ನಿಜ ಹೇಳಿದ,
ಮೊಣಕಾಲೆರಡೂ ಜೋಡಿಸಿ.
ಆ ಮಾತಿಗೆ ಅನುವಾದ ಬೇಕಾಗಲಿಲ್ಲ.

"ಹೋಲ್ಡಾನ್! ಹತ್ತು ನಿಮಿಷ ನಿಲ್ತೈತಿ ಗಾಡಿ.
ಚಾ ಕುಡಿಯೋರು ಕುಡೀರಿ!"

ಬಂತು ಸೆಪ್ಟೆಂಬರು. ಮ್ಯಾಗ್‌ಪೈ ಹಕ್ಕಿ
ಗೂಡನು ಕಾಯುವ ಕಾಲ;
ಪೋಸ್ಟಿನ ಟ್ರೆವೇನಾ ಹೆಲ್ಮೆಟ್ ಮೇಲೆ
ಪ್ಲಾಸ್ಟಿಕ್ ಮುಳ್ಳಿನ ಜಾಲ.
ಆದರೂ ಪಾಪ, ದಿನವೂ ಅವನಿಗೆ
ಕಿವಿಯಲಿ ಒಂದು ಬ್ಯಾಂಡೇಜು.

ಗಮ್ ಮರದಿಂದ ಸುಂಯ್ಯನೆ ಬಂದು
ಕುಕ್ಕಿತು ಅಜ್ಜಿಯ ತುರುಬ!
ಬ್ಯಾಗನು ತಲೆಗಿಟ್ಟು ಕೂತೆವು ನಾವು,
ಅಜ್ಜಿ ಏರಿಸಿದಳು ಹುಬ್ಬ.

"ಏ ಕರಿಬಿಳಿ ಅಂಗಿ! ಟಿಕೇಟ್ ಎಲ್ಲೈತಿ?
ಟಾಪಿನ ಮ್ಯಾಲ ಹತ್ತೀಯೇನ?
ಸುಳ್ಳರೆ ಹೇಳು, ಇಲ್ಲಾ ಇಳಿದು
ನಡಕೋತ ಹೋಗು ನೀನ!"

ಹಕ್ಕಿಗೆ ಸುಳ್ಳು ಬರುವುದೇ ಇಲ್ಲ.
ಅಜ್ಜಿಯ ಮನಸು ಕರಗಿತು;
ಚೀಟಿ ಹರಿದಳು, "ತಗೋ, ಇದು ಪಾಸು,
ಮನ್ಯಾಗ ಮಕ್ಕಳು ಐತಿ, ಗೊತ್ತು."
ಕೊಕ್ಕಲಿ ಹಿಡಿದು ಹಾರಿತು ಹಕ್ಕಿ.

ಮರುದಿನ ನೋಡಿದರೆ ಗೂಡಿನ ಅಂಚಲಿ
ಕೆಂಪು ಅಕ್ಷರ: ಏಕಾದಶಿ.
ಕೆಳಗಡೆ ನಮ್ಮ ಬಸ್ಸು ಹೋದರೆ
ಹಕ್ಕಿ ಸುಮ್ಮನೆ. ಖುಷಿ.

ಟ್ರೆವೇನಾ ಇದನು ಮೂರು ದಿನ ನೋಡಿದ.
ನಾಲ್ಕನೆ ದಿನ ಬೈಕು ನಿಲ್ಲಿಸಿ,
ಕಾಗದ ತುಂಬಿದ ಚೀಲದ ಜೊತೆಗೆ
ನಿಂತ, ಸಾಲಿನ ಕೊನೆಯಲಿ.

"ಸುಳ್ಳು?" ಅಂದಳು ಅಜ್ಜಿ, ಬೆರಳು ಒದ್ದೆಮಾಡಿ.
ಟ್ರೆವೇನಾ ಕೆಮ್ಮಿದ. ಮರವನು ನೋಡಿದ.
ಕಿವಿಯ ಬ್ಯಾಂಡೇಜು ಮುಟ್ಟಿಕೊಂಡ.
"ನನಗೆ... ಹಕ್ಕಿ ಅಂದರೆ...
ಒಂಚೂರೂ ಭಯವಿಲ್ಲ."

ಅಜ್ಜಿ ಚರ್ರನೆ ಹರಿದಳು ಚೀಟಿ:
"ಪೂರಾ! ರೈಟ್, ರೈಟ್!"